ಒದ್ದೆ ಬಟ್ಟೆಯೇ ಇಲ್ಲದ ಕೂಸಿನ ಕೋಣೆ

ಹೊನ್ನಾಳಿಯ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳು ನ್ಯಾಮತಿ ರಸ್ತೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಆಗಷ್ಟೇ ಹಲ್ಲು ಬರುತ್ತಿದ್ದ ಅವಳ ಕೂಸು ಹಗಲೆಲ್ಲ ನನ್ನ ಬಳಿ ಇರುತ್ತಿತ್ತು. ಸಂಜೆ ಬರುವಾಗ ಅವಳ ರವಿಕೆಯ ಮುಂಭಾಗ ಹಾಲು ಸೋರಿ, ಒಣಗಿ, ಗಂಜಿ ಹಾಕಿದಂತೆ ಬಿರುಸಾಗಿರುತ್ತಿತ್ತು. ಮಧ್ಯಾಹ್ನ ಒಮ್ಮೆ ಹಾಲು ಕುಡಿಸಲು ಬಿಡಿ ಎಂದು ಸೂಪರ್‌ವೈಸರ್ ಬಳಿ ಕೇಳಿ ಕೇಳಿ ಸೋತಿದ್ದಳು. ಈಚೆಗೆ ಹಾಲೂ ಕಡಿಮೆಯಾಗುತ್ತಿತ್ತು.

ಒಂದು ಸಂಜೆ ನಗುತ್ತ ಬಂದಳು.

“ಅಕ್ಕಾರೆ, ನಾಳೆ ಪಾಪೂನ ಫ್ಯಾಕ್ಟ್ರಿಗೆ ಕರ್ಕಂಡು ಬರ್ರಿ. ಮಕ್ಕಳ ಹಕ್ಕು ಅಳೆಯಾಕೆ ಬೆಂಗ್ಳೂರಿಂದ ಬರ್ತಾರಂತೆ.”

“ಅಳೆಯಾಕೆ? ಟೇಪು ತರ್ತಾರೇನೇ?”

“ಕಂಪನಿ ವರದಿಗೆ ಬೇಕಂತ್ರೀ. ಕೂಸಿನ ಕೋಣೆ ಐತಲ್ಲ, ಅದಕ್ಕೊಂದು ಕೂಸು ಬೇಕಂತೆ.”

ಹೋದೆ. ಕೋಣೆಯ ಬೀಗ ಆಗಷ್ಟೇ ತೆಗೆದಿದ್ದರು. ಬಾಗಿಲ ಮೇಲೆ ಇಂಗ್ಲಿಷ್ ಬೋರ್ಡು, ಕನ್ನಡವನ್ನೇ ಕೂಡಿಸಿ ಓದುವ ತಾಯಂದಿರಿಗಾಗಿ. ತೊಟ್ಟಿಲಿಗೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೇ ಇತ್ತು. ಆಟಿಕೆಗಳ ಮೇಲೆ ಒಂದಾದರೂ ಹಲ್ಲಿನ ಗುರುತಿಲ್ಲ. ಒದ್ದೆ ಬಟ್ಟೆ ಹರವಲು ಹಗ್ಗವಿಲ್ಲ, ಉಚ್ಚೆಯ ವಾಸನೆಯಿಲ್ಲ. ನಾನೂ ಮಕ್ಕಳನ್ನು ಸಾಕಿದವಳು. ಇಷ್ಟು ಶುಭ್ರವಾದ ಕೂಸಿನ ಕೋಣೆಯನ್ನು ಎಲ್ಲೂ ಕಂಡಿರಲಿಲ್ಲ.

ಅಳೆಯಲು ಬಂದ ಮೇಡಂ ಟ್ಯಾಬು ಹಿಡಿದು ಸುತ್ತ ನೋಡಿ, ಸ್ವಚ್ಛತೆಗೆ ಪೂರ್ತಿ ಅಂಕ ಕೊಟ್ಟರು. ಯಾರೂ ಬಳಸದ ಕೋಣೆ ಕೊಳೆಯಾಗುವುದಾದರೂ ಹೇಗೆ? ಅಷ್ಟರಲ್ಲಿ ತಾಯಿಯನ್ನು ಕರೆಸಿ, ಕೂಸಿಗೆ ಹಾಲು ಕುಡಿಸಲು ಕೂರಿಸಿದರು. ಮೇಡಂ ಕೇಳಿದ್ದಕ್ಕೆ ಸೂಪರ್‌ವೈಸರ್ ಸ್ವಲ್ಪವೂ ತಡವರಿಸದೆ, “ಹೌದು ಮೇಡಂ, ದಿನಾ ಹಾಲು ಕುಡಿಸಾಕೆ ಬಿಡ್ತೀವಿ” ಎಂದ. ಅವರು ಗುರುತು ಹಾಕಿಕೊಂಡರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಅಷ್ಟೂ ವಿನಯವನ್ನು ಕೂಡಿಸಿಕೊಂಡು ಇಂಗ್ಲಿಷಿನಲ್ಲೇ ಹೇಳಿದೆ: “ಈ ಕೋಣೆ ತೆರೆದದ್ದು ಇವತ್ತೇ, ಮೇಡಂ.”

ಅವರೂ ಅಷ್ಟೇ ವಿನಯದಿಂದ ನಕ್ಕರು. ಕೋಣೆ ಇದೆಯೇ ಎಂಬುದಷ್ಟೇ ಅವರ ಪ್ರಶ್ನೆಯಂತೆ; ಮಕ್ಕಳು ಇರುತ್ತಾರೆಯೇ ಎಂದು ಕೇಳಲು ಟ್ಯಾಬಿನಲ್ಲಿ ಕಾಲಂ ಇಲ್ಲವಂತೆ. ಕೂಸಿನ ಗಲ್ಲ ಸವರಿ, ಫೋಟೊ ತೆಗೆದು, ಕಾರು ಹತ್ತಿದರು.

ಕಾರು ಗೇಟು ದಾಟುತ್ತಲೇ ಸೂಪರ್‌ವೈಸರ್ ಫ್ಯಾನು ಆರಿಸಿದ. “ಸಾಕು ಏಳಮ್ಮ, ಮಿಷನ್ ಖಾಲಿ ಕೂತೈತೆ.”

ಕೂಸು ಇನ್ನೂ ಕುಡಿಯುತ್ತಿತ್ತು. “ದಿನಾ ಬಿಡ್ತೀವಿ ಅಂತ ಈಗ ನೀವೇ ಹೇಳಿದ್ರಲ್ರೀ?” ಎಂದಳು ತಾಯಿ.

“ಅದು ರಿಪೋರ್ಟಿಗಮ್ಮ.”

“ಮತ್ತೆ ಇದ್ಕೆ ರಿಪೋರ್ಟೇ ಅರೆದು ಕುಡಿಸ್ಲೇನ್ರೀ?”

ಅವನು ಬೀಗ ಹಿಡಿದು ಕಾಯುತ್ತ ನಿಂತ. ಅವಳು ಎದೆ ಬಿಡಿಸಿದಳು. ಕೂಸು ಚೀರಿತು.

ಮರುದಿನ ಮಧ್ಯಾಹ್ನ ಕೂಸನ್ನೆತ್ತಿಕೊಂಡು ಗೇಟಿನ ಮುಂದೆ ನಿಂತೆ. ವಾಚ್‌ಮನ್ ಒಳಗೆ ಬಿಡಲಿಲ್ಲ. ಹಸಿದ ಕೂಸು ಅಳತೊಡಗಿತು. ಜೀವಮಾನವಿಡೀ ಮಕ್ಕಳ ಬಾಯಿ ಮುಚ್ಚಿಸಿಯೇ ಒಳ್ಳೆಯವಳೆನಿಸಿಕೊಂಡ ನಾನು ಅವತ್ತು ಸಮಾಧಾನ ಮಾಡಲಿಲ್ಲ. ಚೀರಾಟಕ್ಕೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬಾಕೆ, “ಯಾಕ್ರೀ, ತಾಯಿ ಒಳಗೆ ಅದಾಳೇನು?” ಎಂದು ಜೋರಾಗಿಯೇ ಕೇಳಿದಳು. ಸೂಪರ್‌ವೈಸರ್ ಓಡಿ ಬಂದು, ಜನರನ್ನು ನೋಡಿ, ಕೂಸಿನ ತಾಯಿಯನ್ನು ಹೊರಗೆ ಕಳಿಸಿದ.

ಕೋಣೆಗೆ ಬೀಗವಿತ್ತು. ವಾಚ್‌ಮನ್ನನ ಗೂಡಿನಲ್ಲಿ, ಅವನ ಊಟದ ಡಬ್ಬಿಯ ಪಕ್ಕ ಕೂತು ಅವಳು ಕುಡಿಸಿದಳು. ಕೂಸು ಎರಡೂ ಕಡೆ ಕುಡಿದು ಮಲಗಿತು.