ದನಿಯನ್ನು ಊರಿಗೆ ಬಿಟ್ಟುಕೊಟ್ಟ ಪದ್ಮಜಾ ತೊರಗಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಭೌತಶಾಸ್ತ್ರವನ್ನು ಶ್ರದ್ಧೆಯಿಂದ ಕಲಿಸಿ, ಗೌರವದಿಂದ ನಿವೃತ್ತರಾದ ಉಪನ್ಯಾಸಕರು ಹಲವರಿದ್ದಾರೆ. ಆದರೆ ಪಾಠದ ಗಂಟೆ ಮುಗಿದ ಮೇಲೆ ತಮ್ಮ ಕಾಲೇಜಿನ ಸಾಮಾನು ಕೋಣೆಯಲ್ಲಿ ಕುಳಿತು, ಚಂದ್ರನ ಮೇಲೆ ಒಂಟಿಯಾಗಿ ಉಳಿದ ಕಾವಲುಗಾರನ ಕಥೆಯನ್ನೂ ಮಂಗಳದಿಂದ ಮರಳದ ಹಡಗಿನ ಕಥೆಯನ್ನೂ ಶೇಂಗಾ ಸುಲಿಯುವ ಹೆಣ್ಣುಮಕ್ಕಳ ಕಿವಿಗೆ ಮುಟ್ಟಿಸಿದವರು ಶ್ರೀಮತಿ ಪದ್ಮಜಾ ತೊರಗಲ್ಲ ಅವರೊಬ್ಬರೇ. ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದವರಿದ್ದಾರೆ, ಅನುವಾದಿಸಿದವರಿದ್ದಾರೆ. ಅವನ್ನು ಊರವರ ಬಾಯಿಂದಲೇ ಓದಿಸಿ, ಊರವರಿಗೇ ಉಚಿತವಾಗಿ ಕೇಳಿಸಿದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ಅಭಿನಂದನ ಗ್ರಂಥಗಳಲ್ಲಿ ಸಂತೋಷದ ಸಂಗತಿಗಳನ್ನಷ್ಟೇ ಆಯ್ದು ಬರೆಯುವುದು ರೂಢಿ. ಹಾಗೆ ಬರೆಯಬೇಡಿರೆಂದು, ಕಲಿಸುವವರೆಂಬ ಗೌರವದಿಂದ ಎಲ್ಲರೂ ಬಾಯಿ ಎಂದೇ ಕರೆಯುವ ಪದ್ಮಜಾ ಬಾಯಿಯವರೇ ಸಂಪಾದಕರನ್ನು ಕೇಳಿಕೊಂಡದ್ದರಿಂದ ಇಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಲಾಗಿದೆ.

ಅವರು ಹುಟ್ಟಿದ್ದು ರಾಮದುರ್ಗ ತಾಲೂಕಿನ ತೊರಗಲ್ಲಿನಲ್ಲಿ. ತಂದೆ ತ್ರ್ಯಂಬಕ ಭಟ್ಟರದು ಪಂಚಾಂಗ ಹೇಳುವ ಮನೆತನ. ಗ್ರಹಣದ ದಿನ ಮನೆಯವರೆಲ್ಲ ಕದವಿಕ್ಕಿಕೊಂಡು ಜಪಕ್ಕೆ ಕುಳಿತರೆ, ಭಟ್ಟರು ಹೊಗೆ ಹಿಡಿಸಿದ ಗಾಜಿನ ಚೂರನ್ನು ಮಗಳ ಕೈಗಿತ್ತು, "ಜಪಾ ನಾ ಮಾಡ್ತೀನಿ, ನೀ ನೋಡಿ ಬಂದು ಹ್ಯಾಂಗಿತ್ತು ಹೇಳು" ಎಂದು ಅಂಗಳಕ್ಕೆ ಕಳುಹುತ್ತಿದ್ದರಂತೆ. ಅಂಥ ಮನೆಯ ಹುಡುಗಿ ಧಾರವಾಡದಲ್ಲಿ ಓದಿ ಬೈಲಹೊಂಗಲದ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದು, ಸೇವೆಯುದ್ದಕ್ಕೂ ಅಲ್ಲಿಯೇ ಉಳಿದಿದ್ದಾರೆ.

ಅವರ ಉಪಕಾರಗಳನ್ನು ನೆನೆಯುವವರು ಬಹಳ ಜನ. ಒಮ್ಮೆ ಕಾಲೇಜಿನ ದೂರದರ್ಶಕವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೂಲಿಗೆ ಒಯ್ದು, ಹಳೆಯ ಗುಡಿಯ ಬಯಲಲ್ಲಿ ಊರವರಿಗೆ ಶನಿಯ ಬಳೆಯನ್ನು ತೋರಿಸಿದರು. ಕತ್ತು ನಡುಗುವ ಒಬ್ಬ ಮುದುಕಿಗೆ ಏನು ಮಾಡಿದರೂ ಶನಿ ಕಾಣಲೊಲ್ಲದು. ಬಾಯಿಯವರು ಆಕೆಯ ಗದ್ದವನ್ನು ಅಂಗೈಯಲ್ಲಿ ಹಿಡಿದು ನಿಂತರು. ಮರಳುವ ಕೊನೆಯ ಬಸ್ಸು ಹೋಯಿತು, ಅವರು ಗದ್ದ ಬಿಡಲಿಲ್ಲ. "ಕಂಡಾನ ನೋಡು" ಎಂದು ಮುದುಕಿ ಅಂದ ಮೇಲೆಯೇ ಬಿಟ್ಟರು.

ಕಥೆ ಓದುವ ಕೆಲಸ ಶುರುವಾದದ್ದು ರೋಗದ ಭಯಕ್ಕೆ ಕಾಲೇಜು ಮುಚ್ಚಿದ ವರ್ಷ. ಪಾಠವನ್ನು ಮೊಬೈಲಿನಲ್ಲಿ ಕಳಿಸಿದರೆ ಯಾರೂ ಕೇಳುತ್ತಿರಲಿಲ್ಲ. ಬರೆದವರು ತೀರಿಕೊಂಡು ಬಹುಕಾಲವಾಗಿ, ಹಕ್ಕಿನ ಅವಧಿಯೂ ಮುಗಿದು, ಯಾರು ಬೇಕಾದರೂ ಮುಟ್ಟಬಹುದಾದ ಹಳೆಯ ವಿದೇಶಿ ವಿಜ್ಞಾನ ಕಥೆಯೊಂದನ್ನು ಬಾಯಿಯವರು ಕನ್ನಡಿಸಿ, ತಾವೇ ಓದಿ ಕಳಿಸಿದರು. ಪಾಠ ಕೇಳದ ವಿದ್ಯಾರ್ಥಿಗಳು ಕಥೆ ಕೇಳಿದರು. ಅವರ ಮನೆಯವರೂ ಕೇಳಿದರು. ಕೈಯಿಂದ ಕೈಗೆ ದಾಟಿ ಅದು ಸಿರಸಂಗಿಯ ಶಟ್ಟೆವ್ವನ ತನಕ ಹೋಯಿತು.

ಶಟ್ಟೆವ್ವ ಒಕ್ಕಲುತನದ ಮನೆಯ ವಿಧವೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರೂ ಶ್ರಾವಣ ಬಂತೆಂದರೆ ಓಣಿಯ ಹೆಣ್ಣುಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಪುರಾಣ ಓದುತ್ತಿದ್ದಳು. ಬಸ್ಸುಗಳು ಓಡಾಡತೊಡಗಿದ ಮೇಲೆ ಒಂದು ದಿನ ಕಾಲೇಜಿಗೆ ಬಂದು, ಬಾಯಿಯವರ ಎದುರಿನ ಕುರ್ಚಿಯಲ್ಲಿ ಕುಳಿತು ಮಾತು ತೆಗೆದಳು.

"ಬಾಯಾರ, ಆ ಚಂದ್ರನ ಮ್ಯಾಲಿನ ವಾಚಮನ್ನನ ಕಥಿ ಓದಿದಾಕಿ ಯಾರ್ರಿ?"

"ನಾನ ಓದೀನಿ ನೋಡ್ರಿ. ಹ್ಯಾಂಗನಿಸ್ತು?"

"ಕಥಿ ಚಲೋ ಐತ್ರಿ. ಓದೂದು ಮಾತ್ರ ಹಾಜರಿ ಕರದಂಗ ಓದೀರಿ. ಅಲ್ಲಿ ಅಂವಾ ಒಬ್ಬನ ಸಾಯಾಕ ಹತ್ಯಾನ, ಇಲ್ಲಿ ನಿಮ್ಮ ದನಿಗೆ ಏನೂ ಆಗೂದಿಲ್ಲ."

ಬಾಯಿಯವರು ನಕ್ಕುಬಿಟ್ಟರು. ಕಥೆಯ ಹಾಳೆಗಳನ್ನು ಆಕೆಯ ಕೈಗೆ ಕೊಟ್ಟರು. ಶಟ್ಟೆವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡು, ಕಟ್ಟೆಯ ಮೇಲೆ ಪುರಾಣ ಹಿಡಿದಂತೆ ಹಾಳೆ ಹಿಡಿದು ಓದಿದಳು. ಆಮ್ಲಜನಕ ಎಂಬಲ್ಲಿ ಎರಡು ಸಲ ಎಡವಿದಳು. ಆದರೆ ಕಾವಲುಗಾರ ಕೊನೆಯ ದೀಪವಾರಿಸುವಲ್ಲಿಗೆ ಬಂದಾಗ ಸಾಮಾನು ಕೋಣೆಯ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತವರೂ ಅಲುಗಲಿಲ್ಲ.

ಅಲ್ಲಿಂದ ಬಳಗ ಕೂಡಿತು. ಮುರಗೋಡದ ನಿವೃತ್ತ ಕನ್ನಡ ಶಿಕ್ಷಕ ನಿಜಗುಣಪ್ಪನವರು ಉಚ್ಚಾರ ತಿದ್ದಲು ಬಂದು ತಾವೂ ಓದುಗರಾದರು. ಕಿತ್ತೂರಿನಿಂದ, ರಾಮದುರ್ಗದಿಂದ ಉತ್ಸಾಹಿಗಳು ಬಂದರು. ಕೋಣೆಯ ಗೋಡೆಗೆ ಕೌದಿಗಳನ್ನು ತೂಗುಬಿಟ್ಟು ದನಿ ಮಾರ್ದನಿಸದಂತೆ ಮಾಡಿದರು. ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹಾದುಹೋದರೆ ಓದುವವರು ಬಾಯಿ ಮುಚ್ಚಿ ಕೂತು, ಅದು ಬಜಾರ ದಾಟಿದ ಮೇಲೆ ಅದೇ ವಾಕ್ಯದಿಂದ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಹೀಗೆ ಹಿಡಿದಿಟ್ಟ ಧ್ವನಿಗಳನ್ನು ಅಂತರಜಾಲದಲ್ಲಿ ಇಡುವ ಹೊತ್ತಿಗೆ ಒಂದು ಚರ್ಚೆಯಾಯಿತು. ಕಥೆಗಳು ಹೇಗೆ ಎಲ್ಲರ ಸ್ವತ್ತೋ ಹಾಗೆಯೇ ಈ ಓದೂ ಎಲ್ಲರ ಸ್ವತ್ತಾಗಬೇಕು, ಬಳಗವು ಯಾವ ಹಕ್ಕನ್ನೂ ಇಟ್ಟುಕೊಳ್ಳಬಾರದು ಎಂದು ಬಾಯಿಯವರು ಹಟ ಹಿಡಿದರು. ನಿಜಗುಣಪ್ಪನವರು ತಡೆದರು.

"ಬಾಯಾರ, ಪೂರಾ ಬಿಟ್ಟುಕೊಟ್ಟರ ನಾಳಿ ಯಾರರ ಬಂದು ತಮ್ಮದು ಅಂತಾರ್ರಿ."

"ಅನ್ಲಿ ಬಿಡ್ರಿ ಸರ. ಊರ ಬಾವಿಗೆ ಬೀಗಾ ಹಾಕ್ತಾರೇನು?"

ಶಟ್ಟೆವ್ವನನ್ನು ಕೇಳಿದರೆ, ಅದರಲ್ಲಿ ಕೇಳುವುದಾದರೂ ಏನೆಂಬಂತೆ, "ಪುರಾಣ ಓದಿ ನಾ ಎಂದಾರ ನನ್ನ ಹೆಸರ ಹಚ್ಚೇನೇನ್ರಿ?" ಅಂದಳು. ಹಾಗಾಗಿ ಪ್ರತಿ ಧ್ವನಿಯ ಕೆಳಗೂ, ಇದರ ಮೇಲೆ ಯಾರ ಹಕ್ಕೂ ಇಲ್ಲ, ಬೇಕಾದವರು ಬೇಕಾದಂತೆ ಬಳಸಬಹುದು ಎಂದು ಬಾಯಿಯವರೇ ಸ್ವಂತ ಕೈಯಿಂದ ಬರೆದು ಹಾಕಿದರು. ಹೊಲದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಾಣಂತಿಯರ ಕೋಣೆಗಳಲ್ಲಿ ಆ ಕಥೆಗಳು ಕೇಳಿಸಿದ ವರ್ಷಗಳವು. ತಮ್ಮ ಸೇವೆಯಲ್ಲಿ ಅವೇ ಸುಖದ ವರ್ಷಗಳೆಂದು ಬಾಯಿಯವರು ಈಗಲೂ ಹೇಳುತ್ತಾರೆ.

ಶಟ್ಟೆವ್ವ ಜ್ವರದ ನೆಪದಿಂದ ತೀರಿಕೊಂಡಳು. ಮಣ್ಣಿಗೆ ಹೋದವರಲ್ಲಿ ಬಳಗದವರೆಲ್ಲ ಇದ್ದರು. ಆಕೆಯ ಮಗಳು ಮಂಜುಳಾ ಊರಿನ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಾಳೆ. "ಅವ್ವನ ದನಿಯರ ಉಳೀತಲ್ರಿ ಅಕ್ಕಾರ" ಎಂದು ಆಕೆ ಆ ದಿನ ಬಾಯಿಯವರ ಕೈ ಹಿಡಿದುಕೊಂಡಿದ್ದಳು.

ಮರುವರ್ಷ ಶೇಂಗಾ ಕೀಳುವ ದಿನಗಳಲ್ಲಿ ಅದೇ ಮಂಜುಳಾ ನೆರೆಮನೆಯ ಕರೆವ್ವನನ್ನು ಕರೆದುಕೊಂಡು ಕಾಲೇಜಿಗೆ ಬಂದಳು. ಬಂದವಳು ಕೂಡ್ರಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ಶಟ್ಟೆವ್ವ ಮಾತಾಡಿದಳು. "ಯವ್ವಾ ತಂಗಿ, ಮೊಣಕಾಲ ನೋವಂತ ಯಾಕ ಕುಂತಿ? ಈ ಎಣ್ಣಿ ಹಚ್ಚಿ ನೋಡ. ನನ್ನ ನೋವ ಹೋತ, ನಿಂದೂ ಹೋಗತೈತಿ."

ಬಾಯಿಯವರಿಗೆ ಮೊದಲು ತಿಳಿಯಲಿಲ್ಲ. ಆ ಮಾತು ಯಾವ ಕಥೆಯಲ್ಲೂ ಇರಲಿಲ್ಲ; ಶಟ್ಟೆವ್ವ ಅದನ್ನು ಎಂದೂ ಓದಿರಲಿಲ್ಲ. ಆದರೆ ದನಿ ಆಕೆಯದೇ, ಎಳೆತ ಆಕೆಯದೇ, ತಂಗಿ ಎನ್ನುವಲ್ಲಿನ ಅಕ್ಕರೆಯೂ ಆಕೆಯದೇ. ಎಲ್ಲಿಯವರೋ ಆ ಸ್ವಚ್ಛವಾದ ಧ್ವನಿಗಳನ್ನೆತ್ತಿಕೊಂಡು, ಯಂತ್ರಕ್ಕೆ ಉಣಿಸಿ, ಸತ್ತವಳ ಬಾಯಲ್ಲಿ ತಮ್ಮ ಮಾತು ಇಟ್ಟಿದ್ದರು.

ಕರೆವ್ವ ಸೀರೆಯ ಅಂಚನ್ನು ತುಸು ಮೇಲೆತ್ತಿದಳು. ಎರಡೂ ಮೊಣಕಾಲು ಬೊಬ್ಬೆಯೆದ್ದು ಸುಲಿದಿದ್ದವು. "ಬ್ಯಾರೇದವ್ರು ಹೇಳಿದ್ರ ನಾ ಹಚ್ಚಿಕೊಳ್ತಿದ್ದಿಲ್ರಿ. ಶಟ್ಟೆವ್ವಕ್ಕ ಸುಳ್ಳ ಹೇಳಾಕಿ ಅಲ್ಲ" ಅಂದಳು. ಓಣಿಯಲ್ಲಿ ಇನ್ನೂ ಕೆಲವರು ಹಚ್ಚಿಕೊಂಡಿದ್ದರು. ಮಂಜುಳಾ ದಿನವೂ ಅವರ ಮನೆಗಳ ಮುಂದೆಯೇ ಅಂಗನವಾಡಿಗೆ ಹೋಗಬೇಕಾಗಿತ್ತು.

"ನಮ್ಮವ್ವಗ ನೀವು ಹೇಳಿದ್ದೇನ್ರಿ ಅಕ್ಕಾರ?" ಎಂದು ಆಕೆ ಕೇಳಿದಳು. ದನಿ ಏರಿಸಲಿಲ್ಲ.

"ಕಥಿ ಎಲ್ಲಾರಿಗೂ ಸೇರಬೇಕಂತ ಹೇಳಿದ್ದೆನವಾ."

"ಕಥಿ ಕೊಟ್ಟಿದ್ಲರಿ ನಮ್ಮವ್ವ. ದನಿ ಕೊಟ್ಟಿದ್ದಿಲ್ಲ."

ಅಂದಿನಿಂದ ಪಾಠದ ಹೊತ್ತೊಂದನ್ನು ಬಿಟ್ಟು ಉಳಿದ ಹೊತ್ತೆಲ್ಲ ಬಾಯಿಯವರು ಆ ಎಣ್ಣೆಯ ಜಾಹೀರಾತಿನ ಹಿಂದೆಯೇ ತಿರುಗಿದರು. ಜಾಹೀರಾತು ಬರುವ ತಾಣಕ್ಕೆ ಬರೆದರು. ಆ ಧ್ವನಿಯ ಹಕ್ಕುದಾರರು ನೀವೇ ಎಂಬುದಕ್ಕೆ ಆಧಾರ ಒದಗಿಸಿರಿ ಎಂದು ಉತ್ತರ ಬಂತು. ಬರೆದದ್ದು ಮನುಷ್ಯರೋ ಯಂತ್ರವೋ ಅವರಿಗೆ ತಿಳಿಯಲಿಲ್ಲ. ಆಧಾರವೆಂದು ಅವರ ಬಳಿ ಇದ್ದದ್ದು, ಯಾರ ಹಕ್ಕೂ ಇಲ್ಲವೆಂದು ಅವರೇ ಬರೆದ ಮಾತು. ಮಂಜುಳಾಳನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದರು. ಅಲ್ಲಿಯ ಅಧಿಕಾರಿ ಎದ್ದು ಕುರ್ಚಿ ಕೊಟ್ಟು, ಎಲ್ಲವನ್ನೂ ಕೇಳಿ, ಹಣೆ ಉಜ್ಜಿಕೊಂಡು, "ಮೇಡಂರಿ, ದೂರು ಬರಕೊಳ್ತೇನಿ. ಯಾರ ಮ್ಯಾಲೆ ಅಂತ ಬರೀಲ್ರಿ?" ಎಂದು ಕೇಳಿದರು. ಎಣ್ಣೆ ಬಾಟಲಿಯ ಮೇಲಿದ್ದ ವಿಳಾಸಕ್ಕೆ ವಿಚಾರಿಸಿದರೆ ಅಂಥ ಓಣಿಯೇ ಆ ಊರಿನಲ್ಲಿ ಇರಲಿಲ್ಲ. ಒಂದು ಜಾಹೀರಾತು ಕಾಣೆಯಾದರೆ ಇನ್ನೆಲ್ಲಿಂದಲೋ ಇನ್ನೊಂದು ಏಳುತ್ತಿತ್ತು. ಎಣ್ಣೆ ಹೋಗಿ ಸಕ್ಕರೆ ಕಾಯಿಲೆಯ ಪುಡಿ ಬಂತು. ಅದನ್ನೂ ಶಟ್ಟೆವ್ವನೇ ಹೇಳುತ್ತಿದ್ದಳು.

ಬಾಯಿಯವರು ಬಳಗವನ್ನು ಕೂಡಿಸಿ ಶಟ್ಟೆವ್ವನ ಓದನ್ನೆಲ್ಲ ಅಂತರಜಾಲದಿಂದ ತೆಗೆದುಹಾಕಿದರು. ತೆಗೆದರೂ ಪ್ರಯೋಜನವಿಲ್ಲ, ಒಯ್ದವರ ಬಳಿ ಪ್ರತಿ ಇದ್ದೇ ಇರುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಕಿತ್ತೂರಿನವರು ತಮ್ಮದನ್ನೂ ತೆಗೆಯಿರೆಂದರು, ರಾಮದುರ್ಗದವರೂ ಅಂದರು. ತಾಸು ಕಳೆಯುವುದರೊಳಗೆ ಎಲ್ಲವೂ ಹೋಯಿತು. ನಿಜಗುಣಪ್ಪನವರು ಹಿಂದೆ ತಾವು ಎಚ್ಚರಿಸಿದ್ದನ್ನು ಎತ್ತಲೇ ಇಲ್ಲ. ಬಾಗಿಲ ತನಕ ಹೋಗಿ, "ಬಾಯಾರ, ಊಟಾ ಮಾಡ್ರಿ ಮೊದಲ" ಎಂದಷ್ಟೇ ಹೇಳಿ ಹೋದರು. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತೆಂದು ಬಾಯಿಯವರಿಗೆ ಅನಿಸಿತು.

ಈ ವರ್ಷ ಯುಗಾದಿಯ ಮುಂದೆ ಮಂಜುಳಾ ಮತ್ತೊಮ್ಮೆ, ಈ ಸಲ ಒಬ್ಬಳೇ, ಬಾಯಿಯವರ ಮನೆಗೆ ಬಂದಳು. ಚಹಾ ಕೊಟ್ಟರು, ಕುಡಿದಳು.

"ಅಕ್ಕಾರ, ಅವ್ವನ ಓದು ಕೇಳಾಕ ನನಗ ಆಗವಲ್ದರಿ. ಆ ಎಣ್ಣಿ ನೆನಪಾಕ್ಕೈತಿ. ಓದಿದ್ದು ಬ್ಯಾಡ. ಓದೂವಾಗ ಕೆಮ್ಮಿದ್ದು, ತಪ್ಪಿದ್ದು, ನಡುವ ನಕ್ಕಿದ್ದು ಇರತೈತೆಲ್ಲ, ಅದ ಐತೇನ್ರಿ? ಅದನ್ನ ಯಾರೂ ಒಯ್ದಿರೂದಿಲ್ಲ."

ಇತ್ತು. ಆಮ್ಲಜನಕ ಬಾಯಿಗೆ ಬಾರದೆ ಶಟ್ಟೆವ್ವ ಬಿದ್ದು ಬಿದ್ದು ನಕ್ಕದ್ದಿತ್ತು. "ಮಂಜಿ ಹೊಲದಾಗ ಒಬ್ಬಾಕೀನ ಇರತಾಳ, ಲಗೂನ ಮುಗಸ್ರಿ ಬಾಯಾರ" ಎಂದು ಓದಿನ ನಡುವೆಯೇ ಅವಸರ ಮಾಡಿದ್ದಿತ್ತು. ಆಗೆಲ್ಲ ಪ್ರತಿ ಶನಿವಾರ ಬಾಯಿಯವರು ಕಿವಿಗೆ ಯಂತ್ರ ಹಚ್ಚಿಕೊಂಡು ಕುಳಿತು, ಅಕ್ಕಿಯಲ್ಲಿ ಹರಳು ಆರಿಸಿದಂತೆ ಅದನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದಿದ್ದರು.

"ಅಳಿಸಿಬಿಟ್ಟೀನವಾ" ಅಂದರು. "ಓದು ಚೊಕ್ಕ ಇರ್ಲಿ ಅಂತ ಅಳಿಸಿಬಿಟ್ಟೀನಿ."

"ಎಲ್ಲಾ?"

"ಎಲ್ಲಾ."

ಮಂಜುಳಾ ಕಪ್ಪನ್ನು ಒಳಗೆ ಒಯ್ದು ತೊಳೆದಿಟ್ಟಳು. ಬಾಯಿಯವರು ಬೇಡವೆಂದರೂ ತೊಳೆದಿಟ್ಟು, ಹೋಗಿಬರತೇನಿ ಎಂದು ಹೇಳಿ ಬಸ್ಸಿಗೆ ಹೋದಳು. ಈ ಗ್ರಂಥಕ್ಕೆ ಆಕೆಯೂ ನಾಲ್ಕು ಮಾತು ಬರೆಯಲೆಂದು ಸಂಪಾದಕರು ಸಿರಸಂಗಿಗೆ ಹೋಗಿ ಕೇಳಿದರು. ಬಾಯಿಯವರ ಮೇಲೆ ತನಗೆ ಸಿಟ್ಟಿಲ್ಲವೆಂದು ಆಕೆ ಹೇಳಿದಳು. ಬರೆಯಲು ಒಪ್ಪಲಿಲ್ಲ.

ಈ ತಿಂಗಳ ಕೊನೆಗೆ ಪದ್ಮಜಾ ಬಾಯಿಯವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಮಲಪ್ರಭೆಯ ನೀರುಂಡ ಈ ನಾಲ್ಕೂ ತಾಲೂಕುಗಳ ಶಿಷ್ಯರೂ ಸಹೋದ್ಯೋಗಿಗಳೂ ಅವರಿಗೆ ತುಂಬು ಆಯುಷ್ಯವನ್ನೂ ಗಟ್ಟಿ ಶರೀರವನ್ನೂ ಹಾರೈಸುತ್ತೇವೆ. ಕೆಲಸ ಮುಂದುವರಿಯಲಿ ಎಂದು ಹಾರೈಸಬೇಕಾದ ಜಾಗವಿದು. ಮತ್ತೆ ಓದಿರೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಓದಬೇಡಿರೆಂದು ಹೇಳಲು ಮನಸ್ಸೂ ಇಲ್ಲ. ಎಂದಾದರೊಂದು ದಿನ, ಎದುರಿಗೆ ಕುಳಿತ ಒಬ್ಬರಿಗಾದರೂ, ಯಂತ್ರವಿಲ್ಲದ ಕೋಣೆಯಲ್ಲಿ ಅವರು ಒಂದು ಕಥೆಯನ್ನು ಓದುವಂತಾಗಲಿ.

ಸತ್ಕಾರಕ್ಕೆ ಒಪ್ಪಿಗೆ ಕೇಳಲು ಸಮಿತಿಯವರು ಮನೆಗೆ ಹೋದಾಗ ಬಾಯಿಯವರು ಹಾರ ಬೇಡ, ಮೆರವಣಿಗೆ ಬೇಡ ಎಂದೇನೂ ಅನ್ನಲಿಲ್ಲ. ಒಂದೇ ಮಾತು ಕೇಳಿದರು.

"ಅವತ್ತ ಯಾರೇ ಮಾತಾಡ್ಲಿ, ಯಾರ ದನೀನೂ ಯಾರೂ ಹಿಡಿದಿಟ್ಕೋಬ್ಯಾಡ್ರಿ. ಕೇಳಿ, ಅಲ್ಲೇ ಬಿಟ್ಟು ಮನೀಗೆ ಹೋಗ್ರಿ."