ಈರುಳ್ಳಿ ಸಿಪ್ಪೆಯ ಲಂಗ

ನಮ್ಮ ಮನೆಯೊಳಗೆ ಈರುಳ್ಳಿಗೆ ಪ್ರವೇಶವಿರಲಿಲ್ಲ. ನಾವು ಉಣ್ಣುತ್ತಿದ್ದ ಅನ್ನ ಮಾತ್ರ ಅದರದೇ ಋಣ. ಅಪ್ಪ ವಡಪಳನಿಯ ಉಡುಪಿ ಹೋಟೆಲೊಂದರಲ್ಲಿ ಅಡುಗೆ ಭಟ್ಟರು. ಸಿನಿಮಾ ಸ್ಟುಡಿಯೋದವರು ಸಾಲುಗಟ್ಟಿ ಬರುತ್ತಿದ್ದುದೇ ಅವರ ಈರುಳ್ಳಿ ಸಾಂಬಾರಿಗೆ. ಮನೆಯಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿ, ಅದರ ಹೆಸರನ್ನೂ ಎತ್ತುತ್ತಿರಲಿಲ್ಲ. ‘ಆ ಗಡ್ಡೆ’ ಎನ್ನುತ್ತಿದ್ದರು. ಈ ನ್ಯಾಯ ನನಗೆ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಇಲ್ಲ.

ಐವತ್ತರ ದಶಕದ ಕೊನೆ, ನನಗೆ ಹತ್ತು ವರ್ಷ. ನವರಾತ್ರಿಗೆ ನಮ್ಮ ಬೀದಿಯ ತಮಿಳು ಮನೆಗಳಲ್ಲಿ ಕೊಲು, ಅಂದರೆ ಗೊಂಬೆ, ಕೂರಿಸುತ್ತಿದ್ದರು. ಹುಡುಗಿಯರು ರೇಷ್ಮೆ ಲಂಗ ತೊಟ್ಟು ಮನೆಮನೆಗೆ ಹೋಗಿ, ಹಾಡಿ, ಕಡಲೆ ಉಸಲಿ ತಿಂದು ಬರುತ್ತಿದ್ದರು. ನನಗಿದ್ದದ್ದು ಅಪ್ಪನ ಹಳೆಯ ಪಂಚೆಯಿಂದ ಅಮ್ಮ ಹೊಲಿದ ಬಿಳಿ ಲಂಗ. ಹಿಂದಿನ ವರ್ಷ ಒಬ್ಬಳು, ಮನೆಯಲ್ಲಿ ಯಾರು ಸತ್ತದ್ದು ಎಂದು ಕೇಳಿದ್ದಳು. ಈ ಸಲ ಬಣ್ಣದ ಲಂಗವಿಲ್ಲದೆ ಹೊಸ್ತಿಲು ದಾಟುವುದಿಲ್ಲವೆಂದು ಹಟ ಹಿಡಿದೆ.

ಅಮ್ಮನದು ಏನನ್ನೂ ಚೆಲ್ಲದ ಕೈ. ಬೀಟ್‌ರೂಟ್ ಪಲ್ಯ ಮಾಡಿ, ಬೇಯಿಸಿದ ನೀರಿನಲ್ಲಿ ಲಂಗ ಮುಳುಗಿಸಿದರು. ಎತ್ತಿದಾಗ ಅದೆಂಥ ಕೆಂಪು! ಆದರೆ ಒಮ್ಮೆ ಜಾಲಿಸಿದ್ದೇ ತಡ, ಬಣ್ಣವೆಲ್ಲ ನೀರಿಗಿಳಿದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಮ್ಮನಿಗೆ ನಗು, ನನಗೆ ಅಳು.

ಪಕ್ಕದ ಮನೆಯಾಕೆಯ ಗಂಡ ಸ್ಟುಡಿಯೋದಲ್ಲಿ ಬಟ್ಟೆಗೆ ಬಣ್ಣ ಹಾಕುವವರು. ಆಕೆ ಬೇಲಿಯಾಚೆಯಿಂದ, “ಅಯ್ಯೋ ಮಾಮಿ, ಬೀಟ್‌ರೂಟ್ ನಿಕ್ಕಾದು. ವೆಂಗಾಯ ತೋಲ್ ಪೋಡುಂಗ!” ಎಂದರು. ಅದು ನಿಲ್ಲುವ ಬಣ್ಣವಲ್ಲ, ಈರುಳ್ಳಿ ಸಿಪ್ಪೆ ಹಾಕಿ ಎಂದು. ಅಮ್ಮ ಹೆದರಿ ಒಳಗೆ ನೋಡಿದರು. ಅಜ್ಜಿ ಜಪಕ್ಕೆ ಕೂತಿದ್ದರು.

ಸಿಪ್ಪೆಗೇನು ಬರ? ಅಪ್ಪ ಹೋಟೆಲಿನಿಂದ ಒಂದು ಗೋಣಿ ತಂದು ಬೇಲಿಯಾಚೆಗೇ ಇಳಿಸಿದರು. ಪಕ್ಕದ ಮನೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕುದಿಸಿದ್ದಾಯಿತು. ಕ್ಷೌರದವರು ಕೆನ್ನೆಗೆ ಉಜ್ಜುವ ಪಟಿಕದ ನೀರಿನಲ್ಲಿ, ಬಣ್ಣ ಕಚ್ಚಲೆಂದು, ಮೊದಲೇ ನೆನೆಸಿಟ್ಟ ಲಂಗವನ್ನು ಆ ಕಂದು ನೀರಿಗೆ ಇಳಿಸಿದರು. ಬಹಳ ಹೊತ್ತಿನ ಮೇಲೆ ಕೋಲಿನಿಂದ ಎತ್ತಿದರೆ ಹೊಂಬಣ್ಣ! ಅಮ್ಮ ತೊಳೆದರು, ಹೋಗಲಿಲ್ಲ. ಮತ್ತೆ ತೊಳೆದರು, ಹೋಗಲಿಲ್ಲ. ದನವೂ ಮೂಸದ ಸಿಪ್ಪೆಯೊಳಗೆ ಇಷ್ಟು ದಿನ ಇದು ಸುಮ್ಮನೆ ಕೂತಿತ್ತೇ? ದೇವರೇ ಎದುರು ನಿಂತಿದ್ದರೂ ಅಷ್ಟು ಬೆರಗಾಗುತ್ತಿರಲಿಲ್ಲವೇನೋ.

ಮರುದಿನ ಸಂಜೆ ಅದನ್ನು ತೊಟ್ಟು ಹೊರಟರೆ ಬಾಗಿಲಲ್ಲಿ ಅಜ್ಜಿ. ದೇವರಿಗೆ ದೀಪ ಹಚ್ಚಲು ಮಡಿಯುಟ್ಟು ಬಂದವರು ನನ್ನನ್ನು ನೋಡಿ ನಿಂತುಬಿಟ್ಟರು.

“ಎಂತದರ ಬಣ್ಣ ಇದು?”

ಅರಿಶಿನ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅತ್ತೆಯ ಮುಂದೆ ಸುಳ್ಳು ಹೇಳಿ ಅಮ್ಮನಿಗೆ ಅಭ್ಯಾಸವಿಲ್ಲ. “ಈರುಳ್ಳಿ ಸಿಪ್ಪೆಯದ್ದು, ಅತ್ತೆ. ಒಳಗೆ ತರ್ಲಿಲ್ಲ, ಪಕ್ಕದ ಹಿತ್ತಲಲ್ಲೇ ಕುದಿಸಿದ್ದು,” ಎಂದರು.

ಬಿಚ್ಚಿಡು ಎಂದರೆ ನನ್ನ ಕೊಲು ಅಲ್ಲಿಗೇ ಮುಗಿಯಿತು.

“ಆ ಗಡ್ಡೆಯಲ್ಲಿ ಇಂಥದ್ದು ಉಂಟಾ?” ಎಂದರು ಅಜ್ಜಿ. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು, ಅಂದಿನಿಂದ ವಿಧವೆಯ ಕೆಂಪು ಸೀರೆಯೊಂದನ್ನೇ ಕಂಡ ಜೀವ ಅದು. ಮಡಿಯಲ್ಲಿ ನಮ್ಮ ನೆರಳೂ ತಾಗಬಾರದು ಎನ್ನುವವರು ಮೆಲ್ಲಗೆ ಬಗ್ಗಿ, ಲಂಗದ ನೆರಿಗೆಯನ್ನು ಎರಡು ಬೆರಳಲ್ಲಿ ಹಿಡಿದರು. ಉಜ್ಜಿದರು, ಬೆಳಕಿಗೆ ತಿರುಗಿಸಿದರು, ಬಿಡಲು ಮನಸ್ಸಿಲ್ಲದವರಂತೆ ಹಾಗೇ ಹಿಡಿದುಕೊಂಡಿದ್ದರು.

“ಹೋಗು ಮಗಾ, ಹೊತ್ತಾಯ್ತು.”

ನಾನು ಬೀದಿಗಿಳಿಯುವಾಗ ಹಿಂದೆ ಬಾವಿಯ ರಾಟೆ ಕಿರುಗುಟ್ಟಿತು. ಅಜ್ಜಿ ಮತ್ತೆ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದರು.