ಕಷಾಯ ಕುಡಿದು ಹಾಡಿದವಳು

ಹಾಡುವಾಗ ಅವಳ ಕತ್ತಿನ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಎಂಟು ವರ್ಷದ ಹುಡುಗಿ, ಕಡ್ಡಿಯಂಥ ಕತ್ತು. ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿ ನಾನಿದ್ದ ಮಗಳ ಮನೆಯ ಪಕ್ಕದವರು, ಅಮೆರಿಕದ ಕಪ್ಪು ಜನ. ಅವಳು ಹಾಡುತ್ತಿದ್ದದ್ದು ಅವರ ಚರ್ಚಿನ ಹಾಡಿನಿಂದ ಹುಟ್ಟಿದ್ದಂತೆ, ಸೋಲ್ ಮ್ಯೂಸಿಕ್ ಅಂತಾರೆ. ನನಗೆ ಒಂದು ಮಾತೂ ತಿಳಿಯದು. ಆದರೆ ಅವಳು ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಾಯಿ ತೆರೆದರೆ, ನಾಲ್ಕು ಹೆತ್ತು ಎರಡು ಕಳಕೊಂಡ ಹೆಂಗಸು ಹಾಡಿದ ಹಾಗಿರುತ್ತಿತ್ತು. ಆ ವಯಸ್ಸಿಗೆ ಆ ದನಿ ಸರಿಯಲ್ಲ ಅಂತ ಮಗಳಿಗೆ ಅಂದಿದ್ದೆ.

"ಏನೇ, ಬೀದಿಯವರನ್ನೆಲ್ಲ ಎಬ್ಬಿಸ್ತೀಯಾ?" ಅಂತ ಕನ್ನಡದಲ್ಲೇ ಗದರಿದರೆ ನಗುತ್ತಿದ್ದಳು. ಮೊಮ್ಮಗಳ ಜೊತೆ ಆಡಿ ಆಡಿ ನನ್ನನ್ನು ಅಜ್ಜಿ ಅಂತಲೇ ಕರೆಯುತ್ತಿದ್ದಳು. ಮೊಸರನ್ನ ಕೊಟ್ಟರೆ ಮೂಸಿ ವಾಪಸ್ ಇಡುತ್ತಿದ್ದಳು. ಉಪ್ಪಿನಕಾಯಿ ಮಾತ್ರ ನೆಕ್ಕುತ್ತಿದ್ದಳು.

ಅವರಪ್ಪನಿಗೆ ಅವಳೇ ಉದ್ಯೋಗ. ಶನಿವಾರ ಬಂದರೆ ವ್ಯಾನಿನಲ್ಲಿ ಕೂರಿಸಿಕೊಂಡು ಅಟ್ಲಾಂಟಾ, ಷಾರ್ಲೆಟ್, ಎಲ್ಲಿ ಕರೆದರೆ ಅಲ್ಲಿಗೆ. ಒಂದು ಸಲ ನಾವೂ ಹೋಗಿದ್ದೆವು. ಅವನು ವೇದಿಕೆಯ ಪಕ್ಕ ನಿಂತು ಬೆರಳು ಎತ್ತುತ್ತಿದ್ದ. ಎತ್ತಿದ ಹಾಗೆಲ್ಲ ಅವಳು ದನಿ ಏರಿಸಬೇಕು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರೂ ಅವಳ ಕಣ್ಣು ಆ ಬೆರಳ ಮೇಲೇ ಇತ್ತು.

ಅವಳಿಗೆ ಹನ್ನೊಂದು ತುಂಬಿದಾಗ ಅಟ್ಲಾಂಟಾದಲ್ಲಿ ರೆಕಾರ್ಡ್ ಮಾಡುವವರ ಮುಂದೆ ಹಾಡುವುದಿತ್ತು. ಹಿಂದಿನ ದಿನ ಗಂಟಲು ಕಟ್ಟಿತು. ಮೊಮ್ಮಗಳೇ ಎಳೆದುಕೊಂಡು ಬಂದಳು. "ಅಜ್ಜಿ, ನನಗೆ ಕೊಡ್ತೀಯಲ್ಲ ಖಾರದ ಕಷಾಯ, ಇವಳಿಗೂ ಕೊಡು."

ಮೆಣಸು, ಶುಂಠಿ, ಬೆಲ್ಲ ಹಾಕಿ ಕುದಿಸಿದೆ. ಇದನ್ನು ಕೊಟ್ಟರೆ ನಮ್ಮಲ್ಲಿ ಮೂರು ದಿನ ಮಾತೇ ಆಡಿಸುವುದಿಲ್ಲ.

"ಮೂರು ದಿನ ಬಾಯಿ ಬಿಡಬಾರದು ಅಂತ ಹೇಳು ಅವರಪ್ಪಂಗೆ."

"ನಾಳೇನೇ ಹಾಡಬೇಕು ಅಜ್ಜಿ. ನಾಳೆ ಒಂದು ದಿನ ದನಿ ಬಂದ್ರೆ ಸಾಕಂತೆ ಅಂಕಲ್‌ಗೆ."

ಅಪ್ಪ ಬಾಗಿಲಲ್ಲಿ ನಿಂತು ನನಗೆ ಕೈ ಮುಗಿದ. ನಮ್ಮವರನ್ನು ನೋಡಿ ಕಲಿತಿದ್ದ. ನಾನು ಉಬ್ಬಿಹೋದೆ. ಇಲ್ಲಿನ ಔಷಧಿಗೆ ಆಗದ್ದು ನನ್ನ ಕಷಾಯಕ್ಕೆ ಆಗಲಿ ಅನ್ನಿಸಿತು. ಬೆಳಗ್ಗೆ ಇನ್ನೆರಡು ಲೋಟ ಕುಡಿಸಿದೆ. ಗಂಟಲು ಬಿಟ್ಟಿತು. ಕಳಿಸಿದೆ.

ಚೆನ್ನಾಗಿ ಹಾಡಿದಳಂತೆ. ಕೊನೆಯ ಹಾಡಿನಲ್ಲಿ ಗಂಟಲೊಳಗೆ ಏನೋ ಹರಿದ ಹಾಗಾಯಿತಂತೆ, ಆದರೂ ಮುಗಿಸಿದಳಂತೆ. ಒಳಗೆ ರಕ್ತನಾಳ ಒಡೆದಿದೆ ಅಂದರು ಡಾಕ್ಟರು. ಕೊಯ್ದರು. ಗಾಯ ಮಾಯಿತು, ದನಿ ಬರಲಿಲ್ಲ. ಮಾತು ಗರಗಸ ಎಳೆದ ಹಾಗಾಯಿತು. ರೆಕಾರ್ಡಿನವರು ಎರಡು ಸಲ ಫೋನ್ ಮಾಡಿ ಆಮೇಲೆ ಕೈಬಿಟ್ಟರು. ಅಪ್ಪ ಅವಳ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿದ. ಅವಳು ನಮ್ಮ ಹಿತ್ತಲಿಗೆ ಬರುವುದೂ ನಿಂತಿತು.

ಎರಡು ಸಾವಿರದ ಎಂಟರಲ್ಲಿ ಅವರು ಮನೆ ಬಿಟ್ಟು ಸೌತ್ ಕೆರೊಲಿನಾಕ್ಕೆ ಹೊರಟರು. ಹೊರಡುವ ದಿನ ಅವಳು ಬಂದಳು, ನನಗಿಂತ ಎತ್ತರವಾಗಿದ್ದಳು. ಗೊರಗೊರ ಅಂತ ಏನೋ ಅಂದಳು. ಮೊಮ್ಮಗಳು ಹೇಳಿದಳು, "ಥ್ಯಾಂಕ್ಸ್ ಅಂತಿದಾಳೆ ಅಜ್ಜಿ. ನಿನ್ನ ಕಷಾಯದಿಂದ ಅವತ್ತು ಹಾಡಕ್ಕಾಯ್ತಂತೆ. ಅವಳು ಹಾಡಿದ್ರಲ್ಲಿ ಅದೇ ಬೆಸ್ಟ್ ಅಂತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯಿತು ಅನ್ನುವುದಕ್ಕೆ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತ ಈಗ ಹೇಳಿಕೊಳ್ಳಬಹುದು. ಆದರೆ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು.